ಅದು ಫಾಂಟ್ ತೊಂದರೆಯಲ್ಲ

ಹತ್ತು-ಹದಿನೈದು ವರ್ಷಗಳ ಹಿಂದಿನ ಕನ್ನಡ ಕಡತವೊಂದನ್ನು ಹೊಸ ಗಣಕದಲ್ಲಿ ತೆರೆದು ನೋಡಿದ್ದೀರಾ? ಕನ್ನಡವಿರಬೇಕಾದ ಕಡೆ ಟೋಪಿ ಹಾಕಿಕೊಂಡ, ಮೀಸೆ ಬಿಟ್ಟ ಇಂಗ್ಲಿಷ್ ಅಕ್ಷರಗಳ ಸಂತೆಯೇ ನೆರೆದಿರುತ್ತದೆ. ಪಕ್ಕದಲ್ಲಿರುವವರನ್ನು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: 'ಅದು ಫಾಂಟ್ ಪ್ರಾಬ್ಲಂ.' ಈ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧ ತಪ್ಪಾಗಿರುವುದರಿಂದಲೇ ನಾವು ಸರಿಪಡಿಸಬಹುದಾದ ಕಡತಗಳನ್ನು ಕೈಯಾರೆ ಹಾಳುಮಾಡುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಮೊದಲು ಒಂದು ಪ್ರಸಂಗ. ನರಗುಂದ ತಾಲ್ಲೂಕಿನ ಕೊಣ್ಣೂರಿನ ಕಡೆಯ ಶಿಕ್ಷಕರೊಬ್ಬರು, ನನ್ನ ಹಳೆಯ ವಿದ್ಯಾರ್ಥಿ, ಒಂದು ಸಿ.ಡಿ. ಮತ್ತು ಒಂದು ಪೆನ್‌ಡ್ರೈವ್ ಹಿಡಿದು ನನ್ನಲ್ಲಿಗೆ ಬಂದರು. 2003ರ ಬರಗಾಲದಲ್ಲಿ ಅವರೂ ಅವರ ಮಕ್ಕಳೂ ಊರ ಸುತ್ತಲಿನ ಬಾವಿಗಳಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ಅಳೆದು, ವಾರವಾರ ಬರೆದಿಟ್ಟಿದ್ದರು. ಬರೆದಿಟ್ಟ ವಹಿಗಳು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ನೀರುಪಾಲಾದವು. ಉಳಿದದ್ದು ಅಂದು ಗಣಕದಲ್ಲಿ ಟೈಪ್ ಮಾಡಿಸಿದ್ದ ಒಂದು ಕಡತ. ಅದನ್ನು ತೆರೆದರೆ ಕನ್ನಡವಿಲ್ಲ. 'ಅಂಗಡ್ಯಾಗ ತೋರಿಸಿದೆ ಸರ್. ಫಾಂಟ್ ಹೋಗೇತಿ, ಮತ್ತ ಟೈಪ್ ಮಾಡಸ್ರಿ ಅಂದ್ರು. ಯಾವುದನ್ನ ನೋಡಿ ಟೈಪ್ ಮಾಡಸೂದ್ರಿ?' ಎಂದರು ಅವರು.

ವಿಚಿತ್ರವೆಂದರೆ, ಆ ಕಡತದಲ್ಲಿ ಅಂಕಿಗಳೆಲ್ಲ ಸ್ಪಷ್ಟವಾಗಿಯೇ ಇದ್ದವು. ಯಾವ ಬಾವಿಯದು ಎಂಬುದು ಮಾತ್ರ ತಿಳಿಯುವಂತಿರಲಿಲ್ಲ. ಪ್ರತಿ ಅಂಕಿಯ ಮುಂದೆ ಇಂಗ್ಲಿಷಿನ ದೊಡ್ಡ 'ಸಿ' ಮತ್ತು ಸಣ್ಣ 'ಆರ್' ಇತ್ತು. ರಸಾಯನಶಾಸ್ತ್ರ ಓದಿದವರಿಗೆ ಅದು ಕ್ರೋಮಿಯಂ ಧಾತುವಿನ ಸಂಕೇತ. ಬಾವಿಯ ನೀರಿನಲ್ಲಿ ಕ್ರೋಮಿಯಂ ಪರೀಕ್ಷೆ ಮಾಡಿದ್ದೆವೇ ಎಂದು ಶಿಕ್ಷಕರೇ ತಲೆ ಕೆರೆದುಕೊಂಡಿದ್ದರು. ಅದರ ಗುಟ್ಟನ್ನು ಮುಂದೆ ಬಿಡಿಸೋಣ.

ಕಡತದಲ್ಲಿ ಇರುವುದೇನು?

ಗಣಕದ ಕಡತದಲ್ಲಿ ಅಕ್ಷರಗಳಿರುವುದಿಲ್ಲ, ಸಂಖ್ಯೆಗಳಿರುತ್ತವೆ. ಒಂದೊಂದು ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕಕ್ಕೆ ಸಂಕೇತ ವ್ಯವಸ್ಥೆ ಎನ್ನೋಣ. ಅಕ್ಷರದ ಚಿತ್ರವನ್ನು ತೆರೆಯ ಮೇಲೆ ಬಿಡಿಸುವುದು ಫಾಂಟ್. ಇವೆರಡೂ ಬೇರೆ ಬೇರೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ಹೇಳಬಹುದು. ಬೈಟ್‌ಗಳಿಗೆ ಸಂಕೇತ ವ್ಯವಸ್ಥೆ ಎಂಬುದು ಅಳತೆಗೆ ಏಕಮಾನವಿದ್ದಂತೆ. '28.5' ಎಂದಷ್ಟೇ ಬರೆದ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲ; ಮೀಟರೋ ಅಡಿಯೋ ಎಂದು ಕೇಳುತ್ತೇವೆ. 1999ರಲ್ಲಿ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾದದ್ದು ಇಂಥ ಕಾರಣದಿಂದಲೇ: ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಎಂದು ಓದಿಕೊಂಡಿತು. ಕಲಸಿಹೋದ ಕಡತದ ಕಥೆಯೂ ಅಷ್ಟೇ. ಸಂಖ್ಯೆಗಳು ಇದ್ದಲ್ಲೇ ಇವೆ. ಓದುವವರು ಬೇರೆ ಕೋಷ್ಟಕ ಹಿಡಿದಿದ್ದಾರೆ.

'ಕೊಣ್ಣೂರು' ಎಂಬ ಹೆಸರನ್ನೇ ತೆಗೆದುಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ ಕಡತದಲ್ಲಿ ಬೀಳುವ ಬೈಟ್‌ಗಳು ಇವು:

80, 201, 198, 116, 198, 218, 103, 192, 196

ಅದನ್ನೇ ಯೂನಿಕೋಡ್‌ನಲ್ಲಿ ಬರೆದರೆ ಸಿಗುವ ಸಂಖ್ಯೆಗಳು ಇವು:

3221, 3274, 3235, 3277, 3235, 3266, 3248, 3265

ಎರಡೂ ಕನ್ನಡವೇ, ಎರಡೂ ಕೊಣ್ಣೂರೇ. ಆದರೆ ಒಂದೇ ಒಂದು ಸಂಖ್ಯೆಯೂ ಹೊಂದುವುದಿಲ್ಲ. ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಅಂದಚೆಂದದ್ದಲ್ಲ, ಬರವಣಿಗೆಯನ್ನು ಕುರಿತ ಎರಡು ಬೇರೆ ಕಲ್ಪನೆಗಳದ್ದು.

ಆಕಾರಕ್ಕೆ ಸಂಖ್ಯೆ ಕೊಟ್ಟ ಕಾಲ

1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತದಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕು. ಬೈಟ್‌ನಲ್ಲಿ ಉಳಿದ 128 ಸ್ಥಾನಗಳನ್ನು ಯುರೋಪಿನ ಇತರ ಭಾಷೆಗಳ ಟೋಪಿಯ ಅಕ್ಷರಗಳಿಗೆ ಕೊಟ್ಟರು. ವಿಂಡೋಸ್-1252 ಎಂಬುದು ಅಂಥ ಒಂದು ಕೋಷ್ಟಕ. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ನಮ್ಮ ಅಕ್ಷರರೂಪಗಳು ಸಾವಿರಾರು. ಅವನ್ನು 256ರ ಡಬ್ಬಿಯಲ್ಲಿ ತುಂಬುವುದು ಹೇಗೆ?

ನಮ್ಮವರು ಮಾಡಿದ ಉಪಾಯ ಅಚ್ಚಿನ ಮೊಳೆ ಜೋಡಿಸುವವರ ಉಪಾಯ. ಅಕ್ಷರವನ್ನು ತುಂಡು ಮಾಡಿದರು. ತಲೆಕಟ್ಟಿಗೊಂದು ಸಂಖ್ಯೆ, ಕೊಂಬಿಗೊಂದು, ಕೆಳಗಿನ ಒತ್ತಿಗೊಂದು, ತಲೆಕಟ್ಟಿಲ್ಲದ ಒಡಲಿಗೊಂದು. ಆ ಸಂಖ್ಯೆಗಳು ನಿಜದಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳವು; ಫಾಂಟ್ ಮಾತ್ರ ಅವುಗಳ ಚಿತ್ರದ ಬದಲು ಕನ್ನಡದ ತುಂಡುಗಳನ್ನು ಬಿಡಿಸುತ್ತದೆ. ಶ್ರೀಲಿಪಿ, ಪ್ರಕಾಶಕ್ ಮೊದಲಾದವು ತಮ್ಮತಮ್ಮ ಕೋಷ್ಟಕ ಇಟ್ಟುಕೊಂಡಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ 'ನುಡಿ'ಯನ್ನು ಸಿದ್ಧಪಡಿಸಿತು.

ಈ ಪ್ರಯತ್ನಗಳನ್ನು ಇಂದು ಹಗುರವಾಗಿ ಕಾಣುವುದು ನ್ಯಾಯವಲ್ಲ. ಒಂದು ಕಂಪನಿಯ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆಯದ ಕಾಲದಲ್ಲಿ, ನುಡಿ ಮತ್ತು ಬರಹ ಒಂದೇ ಕೋಷ್ಟಕಕ್ಕೆ ಬಂದು ನಿಂತದ್ದು ದೊಡ್ಡ ಹೆಜ್ಜೆ. ಪತ್ರಿಕೆಗಳು, ಪಠ್ಯಗಳು, ಸರ್ಕಾರಿ ಆದೇಶಗಳು ಗಣಕಕ್ಕೆ ಬಂದದ್ದು ಅದರ ಬಲದಿಂದ. ಅಚ್ಚು ಹಾಕುವ ಕೆಲಸಕ್ಕೆ ಅದು ಸಾಕಾಗಿತ್ತು.

ದೋಷ ಇರುವುದು ಬೇರೆ ಕಡೆ. ಈ ಕೋಷ್ಟಕದಲ್ಲಿ ಸಂಖ್ಯೆ ಇರುವುದು ಆಕಾರಕ್ಕೆ, ಅಕ್ಷರಕ್ಕಲ್ಲ. ಎರಡು ಉದಾಹರಣೆ ನೋಡಿ. 170, 192 ಎಂದರೆ 'ವ'. ಅದರ ಮುಂದೆ 196 ಸೇರಿಸಿದರೆ 'ಮ'. ಕಣ್ಣಿಗೆ ಇದು ಸರಿ; 'ವ'ದ ಬಲಕ್ಕೆ ಕೊಂಬು ಬರೆದರೆ 'ಮ'ದಂತೆಯೇ ಕಾಣುತ್ತದೆ. ಆದರೆ ಅದೇ 196 'ರು'ವಿನಲ್ಲಿ ಉಕಾರ. 'ವು' ಬರೆಯಲು 197 ಎಂಬ ಬೇರೆಯದೇ ಕೊಂಬು ಬೇಕು. ಇನ್ನು 'ಸೂರ್ಯ'. ನಾವು ಉಚ್ಚರಿಸುವಾಗ 'ರ್' ಮೊದಲು, 'ಯ' ಆಮೇಲೆ. ನುಡಿಯ ಕಡತದಲ್ಲಿ 'ಸೂ', 'ಯ' ಮುಗಿದ ಮೇಲೆ ಕೊನೆಯಲ್ಲಿ 240, ಅಂದರೆ ಅರ್ಕಾವೊತ್ತು, ಬರುತ್ತದೆ. ಕಾಗದದ ಮೇಲೆ ಅದು ಕೊನೆಯಲ್ಲೇ ಇದೆಯಲ್ಲ! ಹೀಗಾಗಿ ಇಂಥ ಕಡತದಲ್ಲಿ ಪದ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು, ದೃಷ್ಟಿಹೀನರಿಗಾಗಿ ಓದಿ ಹೇಳುವುದು ಯಾವುದೂ ನೇರವಾಗಿ ಆಗದು. ತೆರೆ ಓದುವ ತಂತ್ರಾಂಶ 'ಕೊಣ್ಣೂರು' ಎನ್ನುವುದರ ಬದಲು 'ಪಿ', 'ಟಿ', 'ಜಿ' ಎಂದು ಒದರುತ್ತದೆ.

ಇದನ್ನು ಈಗಲೂ 'ಆಸ್ಕಿ ಕನ್ನಡ' ಎಂದು ಕರೆಯುತ್ತಾರೆ. ಇದೂ ತಪ್ಪು ಹೆಸರೇ. ಆಸ್ಕಿ 127ಕ್ಕೆ ಮುಗಿಯುತ್ತದೆ. ಮೇಲಿನ ಒಂಬತ್ತು ಬೈಟ್‌ಗಳಲ್ಲಿ ಆರು ಅದರಾಚೆಯವು.

ಅಕ್ಷರಕ್ಕೆ ಸಂಖ್ಯೆ ಕೊಟ್ಟ ಯೋಚನೆ

ಆಕಾರವನ್ನು ಬಿಟ್ಟು ಅಕ್ಷರಕ್ಕೇ ಸಂಖ್ಯೆ ಕೊಡುವ ಯೋಚನೆ ಭಾರತದಲ್ಲಿ ಹೊಸದೇನೂ ಆಗಿರಲಿಲ್ಲ. 1991ರಲ್ಲಿ ಭಾರತೀಯ ಮಾನಕವಾದ 'ಇಸ್ಕಿ' ಸಂಕೇತದಲ್ಲಿ ಎಲ್ಲ ಭಾರತೀಯ ಲಿಪಿಗಳ 'ಕ'ಕ್ಕೂ ಒಂದೇ ಸಂಖ್ಯೆ. ಅದೇ 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಇಸ್ಕಿಯ 1988ರ ಆವೃತ್ತಿಯ ವಿನ್ಯಾಸವನ್ನು ಎತ್ತಿಕೊಂಡು, ಪ್ರತಿ ಲಿಪಿಗೂ 128 ಸ್ಥಾನಗಳ ಒಂದೊಂದು ಓಣಿ ಕೊಟ್ಟಿತು. ತೆಲುಗಿನ 'ಕ' 3093, ಕನ್ನಡದ 'ಕ' 3221. ವ್ಯತ್ಯಾಸ ಸರಿಯಾಗಿ 128. 'ಖ', 'ಗ'ಗಳಿಗೂ ಅಷ್ಟೇ. ನೀವೇ ಪರೀಕ್ಷಿಸಿ ನೋಡಬಹುದು.

ಇಲ್ಲಿ 'ಣ್ಣೂ' ಎಂದರೆ ಣ, ವಿರಾಮ ಚಿಹ್ನೆ (್), ಣ, ಊಕಾರ, ಈ ಕ್ರಮದಲ್ಲಿ ನಾಲ್ಕು ಸಂಖ್ಯೆ. ಒತ್ತಕ್ಷರವನ್ನು ಎಲ್ಲಿ, ಹೇಗೆ ಬಿಡಿಸಬೇಕೆಂಬುದು ಫಾಂಟ್‌ನ ಕೆಲಸ. ಕಡತಕ್ಕೆ ಅದರ ಗೊಡವೆ ಇಲ್ಲ. ಆಕಾರವನ್ನು ಅರ್ಥದಿಂದ ಬೇರ್ಪಡಿಸಿದ್ದು ಯೂನಿಕೋಡ್‌ನ ಮುಖ್ಯ ಗುಣ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಸೇರಿದ ಮೇಲೆ ಇದು ಸಾಮಾನ್ಯ ಗಣಕಗಳಿಗೂ ಬಂತು.

3221 ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ವಿಧಾನ ಅದನ್ನು ಮೂರು ಬೈಟ್‌ಗಳಾಗಿ ಹಂಚುತ್ತದೆ. ಲೆಕ್ಕ ಸುಲಭ, ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಬಹುದು. 3221ನ್ನು 64ರಿಂದ ಭಾಗಿಸಿ: ಭಾಗಲಬ್ಧ 50, ಶೇಷ 21. ಮೊದಲ ಬೈಟ್ 224. ಎರಡನೆಯದು 128 + 50 = 178. ಮೂರನೆಯದು 128 + 21 = 149. ಹಾಗಾಗಿ 'ಕ' ಎಂದರೆ 224, 178, 149. 'ಕೊಣ್ಣೂರು' ಎಂಟು ಸಂಖ್ಯೆ, 24 ಬೈಟ್. ಕನ್ನಡದ ಎಲ್ಲ ಅಕ್ಷರ, ಚಿಹ್ನೆಗಳೂ 224, 178 ಅಥವಾ 224, 179 ಎಂದೇ ಆರಂಭವಾಗುತ್ತವೆ. ಏಕೆಂದು ಯೋಚಿಸಿ: ಕನ್ನಡದ ಓಣಿಯ 128 ಸ್ಥಾನಗಳನ್ನು 64ರಿಂದ ಭಾಗಿಸಿದರೆ ಬರುವ ಭಾಗಲಬ್ಧ 50 ಅಥವಾ 51 ಮಾತ್ರ.

ರೋಗಲಕ್ಷಣ ನೋಡಿ ಮದ್ದು

ಕಲಸಿಹೋದ ಕಡತ ಎದುರಾದಾಗ ಮೊದಲ ನಿಯಮ: ಅದನ್ನು ಉಳಿಸಬೇಡಿ, ಅಂದರೆ 'ಸೇವ್' ಗುಂಡಿ ಒತ್ತಬೇಡಿ. ಮೊದಲು ಅದರ ಪ್ರತಿಯೊಂದನ್ನು ತೆಗೆದಿಟ್ಟು, ಪ್ರತಿಯ ಮೇಲೆ ಪ್ರಯೋಗ ನಡೆಸಿ. ಆಮೇಲೆ ಲಕ್ಷಣಗಳನ್ನು ಗಮನಿಸಿ.

1. ಅಕ್ಷರಗಳ ಬದಲು ಖಾಲಿ ಚೌಕಗಳು. ಇದೊಂದೇ ನಿಜವಾದ ಫಾಂಟ್ ತೊಂದರೆ. ಸಂಖ್ಯೆಗಳನ್ನು ಸರಿಯಾಗಿಯೇ ಓದಲಾಗಿದೆ, ಬಿಡಿಸಲು ಚಿತ್ರವಿಲ್ಲ. ಕನ್ನಡ ಯೂನಿಕೋಡ್ ಫಾಂಟ್ ಹಾಕಿದರೆ ಮುಗಿಯಿತು.

2. ಇಂಗ್ಲಿಷಿನ ದೊಡ್ಡ 'ಎ' ಅಕ್ಷರ, ತಲೆಯ ಮೇಲೆ ಓರೆ ಗೆರೆ, ಸಾಲುಸಾಲಿನಲ್ಲೂ ಮತ್ತೆ ಮತ್ತೆ. ಇದು 192, ಅಂದರೆ ನುಡಿ ಅಥವಾ ಬರಹದ ತಲೆಕಟ್ಟು. ಆ ಫಾಂಟ್ ಹಾಕಿದರೆ ಕನ್ನಡ ಕಾಣಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕಡತ ಇನ್ನೂ ಹಳೆಯ ಸಂಕೇತದಲ್ಲೇ ಇದೆ. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ. ನುಡಿ ಮತ್ತು ಬರಹದ ನಂತರದ ಆವೃತ್ತಿಗಳಲ್ಲೇ ಪರಿವರ್ತಕಗಳಿವೆ.

3. ಸಣ್ಣ 'ಎ' ಅಕ್ಷರ, ತಲೆಯ ಮೇಲೆ ಓರೆ ಗೆರೆ, ಪಕ್ಕದಲ್ಲಿ ಘಾತದಂತೆ ಪುಟ್ಟ 2 ಅಥವಾ 3. ಇವು 224, 178 ಮತ್ತು 179. ಅಂದರೆ ಯುಟಿಎಫ್-8ರ ಒಳ್ಳೆಯ ಕನ್ನಡವನ್ನು ವಿಂಡೋಸ್-1252 ಎಂದು ಓದಲಾಗಿದೆ. 'ರ'ದ ಮೂರನೆಯ ಬೈಟ್ 176. ಅದು ಉಷ್ಣಾಂಶ ಬರೆಯುವ ಡಿಗ್ರಿ ಚಿಹ್ನೆಯಾಗಿ ಕಾಣಿಸುತ್ತದೆ. 'ಣ'ದ 163 ಬ್ರಿಟಿಷ್ ಪೌಂಡ್ ಚಿಹ್ನೆ. ವಿದ್ಯಾರ್ಥಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದ ಶಿಕ್ಷಕರು ಇದನ್ನು ಕಂಡಿರುತ್ತೀರಿ. ಮದ್ದು: ಕಡತವನ್ನು ನೇರವಾಗಿ ತೆರೆಯದೆ, ಎಕ್ಸೆಲ್‌ನ ದತ್ತಾಂಶ ಆಮದು ಮಾಡುವ ದಾರಿಯಲ್ಲಿ ಹೋಗಿ, ಸಂಕೇತ ಕೇಳಿದಾಗ 65001, ಅಂದರೆ ಯುಟಿಎಫ್-8, ಆರಿಸಿ.

4. ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ. ಇದು ಮೂರನೆಯದರ ತಿರುವುಮುರುವು: ಹಳೆಯ ಸಂಕೇತದ ಕಡತವನ್ನು ಯುಟಿಎಫ್-8 ಎಂದು ಓದಲಾಗಿದೆ. ಯುಟಿಎಫ್-8ರಲ್ಲಿ 201ರ ಮುಂದೆ 128ರಿಂದ 191ರೊಳಗಿನ ಬೈಟ್ ಮಾತ್ರ ಬರಬಹುದು. ನುಡಿಯ ಕೊಣ್ಣೂರಿನಲ್ಲಿ 201ರ ಮುಂದೆ 198 ಇದೆ. ನಿಯಮ ಮುರಿದದ್ದರಿಂದ ತಂತ್ರಾಂಶ ಕೈಚೆಲ್ಲಿ ವಜ್ರ ಇಟ್ಟಿದೆ. ಉಳಿಸದೆ ಮುಚ್ಚಿ, ಸರಿಯಾದ ಸಂಕೇತ ಆರಿಸಿ ತೆರೆದರೆ ಏನೂ ನಷ್ಟವಿಲ್ಲ. ಉಳಿಸಿದಿರೋ, ಪ್ರತಿ ವಜ್ರದ ಜಾಗದಲ್ಲೂ 239, 191, 189 ಎಂಬ ಒಂದೇ ಮೂರು ಬೈಟ್ ಬರೆಯಲ್ಪಟ್ಟು ಮೂಲ ಸಂಖ್ಯೆ ಅಳಿಸಿಹೋಗುತ್ತದೆ.

5. ಬರಿಯ ಪ್ರಶ್ನೆಚಿಹ್ನೆಗಳ ಸಾಲು. ಯೂನಿಕೋಡ್ ಕನ್ನಡವನ್ನು ಹಳೆಯ ಒಂದು ಬೈಟ್‌ನ ಸಂಕೇತದಲ್ಲಿ ಯಾರೋ ಉಳಿಸಿದ್ದಾರೆ. ಕೊಣ್ಣೂರಿಗೆ ಎಂಟು ಪ್ರಶ್ನೆಚಿಹ್ನೆ, ನರಗುಂದಕ್ಕೆ ಆರು. ಸತ್ತ ಕಡತವಿದು, ಮೂಲ ಪ್ರತಿ ಹುಡುಕುವುದೊಂದೇ ದಾರಿ. 2019ಕ್ಕೆ ಮುಂಚಿನ ನೋಟ್‌ಪ್ಯಾಡ್ ತಾನಾಗಿ ಆರಿಸಿಕೊಳ್ಳುತ್ತಿದ್ದ ಸಂಕೇತ ಇಂಥದ್ದೇ ಆಗಿತ್ತು. ಎಚ್ಚರಿಕೆಯ ಸಂದೇಶ ಬರುತ್ತಿತ್ತು. ನಾವು ಓದದೆ 'ಓಕೆ' ಒತ್ತುತ್ತಿದ್ದೆವು.

ಮೂರನೆಯ ಲಕ್ಷಣದಲ್ಲಿ ಒಂದು ಗುಂಡಿ ಇದೆ, ಬೀಳದಂತೆ ನೋಡಿಕೊಳ್ಳಿ. ತಪ್ಪಾಗಿ ಓದಿದ ಆ ಕಡತವನ್ನೇ ಮತ್ತೆ ಯುಟಿಎಫ್-8 ಎಂದು ಉಳಿಸಿದರೆ ಪ್ರತಿ ಟೋಪಿಯ ಅಕ್ಷರವೂ ಹೊಸದಾಗಿ ಎರಡು-ಮೂರು ಬೈಟ್ ಆಗುತ್ತದೆ. ಮೂರು ಬೈಟ್‌ನ 'ಕ' ಏಳು ಬೈಟ್ ಆಗುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ, ಅಂದರೆ ಅದನ್ನು ವಿಂಡೋಸ್-1252 ಎಂದು ಉಳಿಸಿ ಯುಟಿಎಫ್-8 ಎಂದು ತೆರೆದರೆ, ಕನ್ನಡ ಬಹುಪಾಲು ಮರಳುತ್ತದೆ. 'ಬಹುಪಾಲು' ಏಕೆಂದರೆ ವಿಂಡೋಸ್-1252ರಲ್ಲಿ 129, 141, 143, 144, 157 ಈ ಐದು ಸ್ಥಾನಗಳು ಖಾಲಿ. ಉಕಾರದ ಕೊನೆಯ ಬೈಟ್ 129. ವಿರಾಮ ಚಿಹ್ನೆಯ ಕೊನೆಯ ಬೈಟ್ 141. 'ಏ', 'ಐ', 'ಝ'ಗಳವು ಉಳಿದ ಮೂರು. ಕೆಲವು ತಂತ್ರಾಂಶಗಳು ಈ ಖಾಲಿ ಸ್ಥಾನಗಳನ್ನು ಹಾಗೆಯೇ ದಾಟಿಸುತ್ತವೆ, ಕೆಲವು ಬಿಸಾಡುತ್ತವೆ. ಬಿಸಾಡಿದರೆ ಕನ್ನಡದ ಪ್ರತಿ ಒತ್ತಕ್ಷರಕ್ಕೂ ಪ್ರತಿ ಕೊಂಬಿಗೂ ಪೆಟ್ಟು. ಕನ್ನಡದಲ್ಲಿ ಇವೆರಡು ಎಷ್ಟು ಸಲ ಬರುತ್ತವೆಂದು ಈ ಒಂದು ಸಾಲಿನಲ್ಲೇ ಎಣಿಸಿ ನೋಡಿ.

ಪರಿವರ್ತಕವನ್ನು ಕುರುಡಾಗಿ ನಂಬಬಾರದು

ನುಡಿಯಿಂದ ಯೂನಿಕೋಡ್‌ಗೆ ಹೋಗುವುದು ಸಂಖ್ಯೆಗೆ ಸಂಖ್ಯೆ ಬದಲಿಸುವ ಕೆಲಸವಲ್ಲ. ನುಡಿಯಲ್ಲಿ 'ಣ್ಣೂ' ಎಂದರೆ ಣ, ಊಕಾರ, ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮೊದಲು, ಊಕಾರ ಆಮೇಲೆ. ಅರ್ಕಾವೊತ್ತನ್ನು ಹಿಂದಕ್ಕೆ ಒಯ್ಯಬೇಕು. 65 ಎಂದರೆ ಸೊನ್ನೆ. ಆದರೆ ಅದರ ಮುಂದೆ 105, 192, 196 ಇದ್ದರೆ ಎಲ್ಲ ಸೇರಿ 'ಯ'. ಒಳ್ಳೆಯ ಪರಿವರ್ತಕಗಳು ಇದನ್ನೆಲ್ಲ ನಿಭಾಯಿಸುತ್ತವೆ.

ಯಾವ ಪರಿವರ್ತಕಕ್ಕೂ ಬಗೆಹರಿಯದ ಪ್ರಶ್ನೆ ಬೇರೊಂದಿದೆ. 80 ಎಂದರೆ ಇಂಗ್ಲಿಷಿನ 'ಪಿ'ಯೋ, ಕನ್ನಡದ 'ಕ'ದ ಒಡಲೋ? ಸಂಖ್ಯೆ ನೋಡಿ ಹೇಳಲಾಗದು. ಆ ತುಣುಕನ್ನು ಯಾವ ಫಾಂಟ್‌ನಲ್ಲಿ ಟೈಪ್ ಮಾಡಲಾಗಿತ್ತು ಎಂಬುದೊಂದೇ ಸಾಕ್ಷಿ. ವರ್ಡ್ ಕಡತ ಫಾಂಟ್‌ನ ಹೆಸರನ್ನು ಪ್ರತಿ ತುಣುಕಿನ ಜೊತೆ ನೆನಪಿಟ್ಟಿರುತ್ತದೆ. ಬರಿಯ ಪಠ್ಯದ ಕಡತಕ್ಕೆ ಆ ನೆನಪಿಲ್ಲ. ಅಲ್ಲಿ 'ಸಿ.ಡಿ.' ಎಂಬುದರ ಎರಡು ಇಂಗ್ಲಿಷ್ ಅಕ್ಷರಗಳು ಪರಿವರ್ತಕದಿಂದ 'ಅಆ' ಆಗಿ ಹೊರಬರುತ್ತವೆ. ವಿಜ್ಞಾನದ ಬರಹದಲ್ಲಿ ಸೂತ್ರ, ಏಕಮಾನ, ಧಾತುಗಳ ಸಂಕೇತಗಳೇ ತುಂಬಿರುವುದರಿಂದ ಈ ಅಪಾಯ ಹೆಚ್ಚು. 'ಫಾಂಟ್ ತೊಂದರೆ' ಎಂಬ ಮಾತು ಅರ್ಧ ನಿಜ ಎಂದೆನಲ್ಲ, ಆ ಅರ್ಧ ಇದೇ: ಹಳೆಯ ಕಡತದಲ್ಲಿ ಫಾಂಟ್‌ನ ಹೆಸರು ಅಲಂಕಾರವಲ್ಲ, ಅದೇ ಕೋಷ್ಟಕದ ಹೆಸರು. ಅದನ್ನು ಕಳೆದುಕೊಂಡರೆ ಏಕಮಾನ ಕಳೆದುಕೊಂಡಂತೆ.

ಇಲ್ಲಿಗೆ ಕ್ರೋಮಿಯಂ ಗುಟ್ಟು ಬಿಡಿಸಬಹುದು. ನುಡಿಯ ಕೋಷ್ಟಕದಲ್ಲಿ ದೊಡ್ಡ 'ಸಿ', ಅಂದರೆ 67, 'ಅ'. ಸಣ್ಣ 'ಆರ್', ಅಂದರೆ 114, 'ಡಿ'. ಸೇರಿದರೆ 'ಅಡಿ'. ಮಕ್ಕಳು ಬಾವಿಯ ಆಳವನ್ನು ಅಡಿಗಳಲ್ಲಿ ಬರೆದಿದ್ದರು. ಏಕಮಾನವೇ ಕಲಸಿಹೋಗಿ ಧಾತುವಾಗಿ ನಿಂತಿತ್ತು!

ಶಿಕ್ಷಕರು ತಂದ ಸಿ.ಡಿ.ಯಲ್ಲಿ ಇದ್ದದ್ದು 2003ರ ಮೂಲ ವರ್ಡ್ ಕಡತ. ಫಾಂಟ್‌ನ ಹೆಸರೂ ಅದರಲ್ಲಿ ಉಳಿದಿತ್ತು. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅದನ್ನು 'ರಿಪೇರಿ' ಮಾಡಲು ಹೋದ ಯಾರೋ ಬರಿಯ ಪಠ್ಯವಾಗಿಸಿ, ಯುಟಿಎಫ್-8 ಎಂದು ತೆರೆದು, ಉಳಿಸಿದ ಪ್ರತಿ. ಅದರಲ್ಲಿ 128ಕ್ಕಿಂತ ಕೆಳಗಿನ ಬೈಟ್‌ಗಳು ಮಾತ್ರ ಬದುಕಿದ್ದವು. ಹೀಗಾಗಿ ಕೊಣ್ಣೂರಿನ ಕ, ಣ, ರ ಒಡಲುಗಳು ಕಾಣುತ್ತಿದ್ದವು, ನಡುವೆ ಆರು ವಜ್ರ. ಊರಿನ ಹೆಸರನ್ನು ಊಹಿಸಬಹುದಿತ್ತು. ಆದರೆ ನ, ಪ, ಬ, ಲ, ವ, ಸ, ಹಗಳ ಸಂಕೇತಗಳು 128ರಾಚೆಗಿವೆ. 'ಬಾವಿ' ಎಂಬ ಪದದ ಒಂದು ಚೂರೂ ಉಳಿದಿರಲಿಲ್ಲ. ಮೊದಲ ಪ್ರತಿಯೂ ಹೀಗೆ 'ರಿಪೇರಿ' ಆಗಿದ್ದರೆ ಆ ಅಂಕಿಗಳಿಗೆ ಒಡೆಯರೇ ಇರುತ್ತಿರಲಿಲ್ಲ.

ಯೂನಿಕೋಡ್ ನಿರ್ದೋಷಿಯೇ?

ಅಲ್ಲ, ಮತ್ತು ಅದನ್ನು ವಿದ್ಯಾರ್ಥಿಗಳಿಗೆ ಹೇಳಬೇಕು. 'ಕೊ'ದಲ್ಲಿನ ಒಕಾರವನ್ನು 3274 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. 3270, 3266 ಎಂಬ ಎರಡರಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇಂಥ ಸಮಾನ ರೂಪಗಳನ್ನು ಏಕರೂಪಕ್ಕೆ ತರುವ ವಿಧಾನವನ್ನು ಯೂನಿಕೋಡ್ ಹೇಳಿಕೊಟ್ಟಿದೆ. ಅದನ್ನು ಪಾಲಿಸದ ತಂತ್ರಾಂಶಕ್ಕೆ ಅವು ಎರಡು ಬೇರೆ ಊರುಗಳು. ಹಳಗನ್ನಡದ 'ೞ'ಕ್ಕೆ ಕೊಟ್ಟ 3294ನೆಯ ಸ್ಥಾನಕ್ಕೆ ಮೊದಲು ಇಟ್ಟ ಅಧಿಕೃತ ಹೆಸರು 'ಫ' ಎಂದಾಗಿಬಿಟ್ಟಿದೆ. ಹೆಸರು ಬದಲಿಸುವಂತಿಲ್ಲವೆಂಬ ನಿಯಮದಿಂದ ತಿದ್ದುಪಡಿಯನ್ನು ಅಡಿಟಿಪ್ಪಣಿಯಂತೆ ಸೇರಿಸಿದ್ದಾರೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು ನಡುವೆ 8204 ಎಂಬ ಕಾಣದ ಸಂಖ್ಯೆ ಬೇಕು; ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ 'ಸಾಫ್ಟ್ವೇರ್' ಆಗುತ್ತದೆ. ಆದರೂ ಈ ದೋಷಗಳೆಲ್ಲ ಬಹಿರಂಗವಾಗಿ ದಾಖಲಾದವು. ಅವನ್ನು ಯಾರು ಬೇಕಾದರೂ ಓದಿ ಪರಿಹಾರ ಬರೆಯಬಹುದು. ಒಂದು ಸಂಸ್ಥೆಯ ಫಾಂಟ್‌ನೊಳಗೆ ಅಡಗಿದ ಕೋಷ್ಟಕಕ್ಕೆ ಆ ಸೌಲಭ್ಯವಿಲ್ಲ.

ನಮ್ಮ ಪಾಲಿನ ತಪ್ಪು

ನನ್ನ ದೂರು ತಂತ್ರಾಂಶಕ್ಕಿಂತ ಹೆಚ್ಚಾಗಿ ನಮ್ಮ ಮೇಲೆ, ಅಧ್ಯಾಪಕರ ಮೇಲೆ. ಗಣಕದ ಪಾಠದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಎಂದರೆ 65 ಎಂದು ಬಾಯಿಪಾಠ ಮಾಡಿಸುತ್ತೇವೆ. 'ಕ' ಎಷ್ಟು ಎಂದು ಕೇಳುವುದಿಲ್ಲ. ದ್ವಿಮಾನ ಪದ್ಧತಿ ಕಲಿಸುತ್ತೇವೆ. ಆ ಗಣಿತ ತನ್ನ ಊರಿನ ಹೆಸರಿಗೇ ಹೊಂದುತ್ತದೆಂದು ತೋರಿಸುವುದಿಲ್ಲ. ಪ್ರಶ್ನೆಪತ್ರಿಕೆ, ಸ್ಮರಣ ಸಂಚಿಕೆ, ಪ್ರಬಂಧಗಳನ್ನು ಇಂದಿಗೂ ಹಳೆಯ ಸಂಕೇತದಲ್ಲೇ ಟೈಪ್ ಮಾಡಿಸಿ, ಅಚ್ಚಾದ ಮೇಲೆ ಕಡತವನ್ನು ಮರೆಯುವವರಿದ್ದಾರೆ. ಅಚ್ಚಿಗೆ ಸಾಕು ಎಂಬ ವಾದ ಅವರದು. ಅಚ್ಚಿಗೆ ಸಾಕು ನಿಜ. ಆದರೆ ಹುಡುಕಲು, ಓದಿಸಲು, ಮುಂದಿನವರು ಬಳಸಲು ಸಾಲದು. 1990ರಿಂದ ಎರಡು ದಶಕಗಳ ಕನ್ನಡ ವಿಜ್ಞಾನ ಬರಹದ ಬಹುಭಾಗ ಇಂಥ ಕಡತಗಳಲ್ಲಿದೆ. ಯಾವುದು ಯಾವ ಫಾಂಟ್‌ನಲ್ಲಿದೆ ಎಂದು ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಸಿ.ಡಿ. ಓದುವ ಗಣಕಗಳೂ ಅಪರೂಪವಾಗುತ್ತಿವೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇಡಿ. ಅದರ ಪಕ್ಕದಲ್ಲಿ ಫಾಂಟ್ ಯಾವುದು, ತಂತ್ರಾಂಶ ಯಾವುದು, ವರ್ಷ ಯಾವುದು ಎಂದು ನಾಲ್ಕು ಸಾಲು ಬರೆದಿಡಿ. ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿಡಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತಿನ ಪದಗಳು, ಇಂಗ್ಲಿಷ್ ಅಕ್ಷರಗಳು, ಏಕಮಾನಗಳು, ಈ ಮೂರನ್ನು ಮೂಲದೊಂದಿಗೆ ಹೋಲಿಸಿ ನೋಡಿ. ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷ ಬರೆದಿಡುತ್ತೇವಲ್ಲ, ಹಾಗೆ.

ಇದರಲ್ಲಿ ಕೊಣ್ಣೂರಿಗೆ ಹಳೆಯ ಅನುಭವವೇ ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಶಕ 782 ಅಂದರೆ ಕ್ರಿ.ಶ. 860ರ ದಾನವನ್ನು ಹೇಳುವ ಶಿಲಾಶಾಸನವೊಂದು ಅಲ್ಲಿಯದು. ಊರಿನ ಹೆಸರು ಅದರಲ್ಲಿ 'ಕೊಳನೂರ'. ಆ ಕಲ್ಲು ಮೂಲವಲ್ಲ. ತಾಮ್ರಪಟದಲ್ಲಿದ್ದುದನ್ನು ನೋಡಿ ವೀರಣಂದಿ ಮುನಿ ಎಷ್ಟೋ ಕಾಲದ ಮೇಲೆ ಕಲ್ಲಿಗೆ ಬರೆಸಿದ್ದೆಂದು ಶಾಸನದಲ್ಲೇ ಹೇಳಿದೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟಿಸಿದವರು ಎಲ್ಲಿಂದ ದಾಟಿಸಿದೆವೆಂದು ಬರೆದಿಟ್ಟರು. ವಿದ್ವಾಂಸರು ಇಂದು ಅದರ ಸಾಚಾತನವನ್ನು ಚರ್ಚಿಸಲು ಸಾಧ್ಯವಾಗಿರುವುದು ಆ ಒಂದು ಟಿಪ್ಪಣಿಯಿಂದ. ನಮ್ಮ ಕಡತಗಳಿಗೆ ನಾವು ಅಷ್ಟೂ ಮಾಡುತ್ತಿಲ್ಲ.

ಸಿ.ಡಿ.ಯ ಕಡತವನ್ನು ಪರಿವರ್ತಿಸಿ, ಸಾಲುಸಾಲಾಗಿ ನೋಡಿ ಮುಗಿಸಲು ನಮಗೆ ಒಂದು ಮಧ್ಯಾಹ್ನ ಹಿಡಿಯಿತು. ತೆರೆಯ ಮೇಲೆ ಬಾವಿಗಳ ಹೆಸರು ಒಂದೊಂದಾಗಿ ಬಂದಂತೆ ಶಿಕ್ಷಕರು ಅಳತೆ ಹಿಡಿದ ಹುಡುಗರ ಹೆಸರನ್ನು ನೆನಪಿನಿಂದ ಹೇಳುತ್ತಾ ಹೋದರು. ಎರಡು ಕಡೆ 'ರ್ಯ' ತಪ್ಪಾಗಿತ್ತು, ತಿದ್ದಿದೆವು. ಈಗ ಅವರ ಶಾಲೆಯ ಮಕ್ಕಳು ಅವೇ ಬಾವಿಗಳನ್ನು ಮತ್ತೆ ಅಳೆಯಲಿದ್ದಾರೆ. ಈ ಸಲ ವಹಿಯ ಮೊದಲ ಪುಟದಲ್ಲಿ 'ಅಳತೆ ಅಡಿಗಳಲ್ಲಿ' ಎಂದೂ, ಅದರ ಕೆಳಗೆ 'ಕಡತ ಯೂನಿಕೋಡ್, ಯುಟಿಎಫ್-8' ಎಂದೂ ಬರೆಸಿದ್ದಾರೆ. ನಿಮ್ಮ ಶಾಲೆಯ ಅಲಮಾರಿನಲ್ಲೂ ಇಂಥ ಸಿ.ಡಿ.ಗಳಿರಬಹುದು. ಹುಡುಕಿ ತೆರೆಯಿರಿ, ಆದರೆ ತೆರೆದ ಕೂಡಲೇ ಉಳಿಸಬೇಡಿ.